ಹಿತ್ತಾಳೆಯ ಸವತಿ

ಚಿನ್ನದಂಥ ಹೆಂಡತಿಯನ್ನು ಮನೆಯಲ್ಲಿಟ್ಟುಕೊಂಡು ಹಿತ್ತಾಳೆಯ ಹಿಂದೆ ಬಿದ್ದ ಗಂಡಸನ್ನು ನೀವು ನೋಡಿದ್ದೀರಾ? ತೊಂಬತ್ತರ ದಶಕದಲ್ಲಿ ಅಮೆರಿಕದ ಗೈದರ್ಸ್‌ಬರ್ಗಿನ ನಮ್ಮ ಗರಾಜಿನಲ್ಲಿ ನಾನು ದಿನಾ ನೋಡುತ್ತಿದ್ದೆ!

ಇರುವೆ ತುಳಿದರೂ 'ಅಯ್ಯೋ ಪಾಪ' ಎನ್ನುವ ನಮ್ಮ ಯಜಮಾನರಿಗೆ ಆಫೀಸಿನ ಗೆಳೆಯನೊಬ್ಬ ರೈಫಲ್ ಶೂಟಿಂಗಿನ ಹುಚ್ಚು ಹಿಡಿಸಿದ್ದ. ಸದ್ಯ, ಹೊಡೆಯುತ್ತಿದ್ದದ್ದು ಬರೀ ಕಾಗದಕ್ಕೆ. ಆದರೆ ಇವರ ಪ್ರೀತಿಯೆಲ್ಲ ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ಕೊಳವೆ, ಅಂದರೆ ಕೇಸಿನ ಮೇಲೆ! ಅದಕ್ಕೆ ಮತ್ತೆ ಮದ್ದು ತುಂಬಿ, ಹೊಸ ಗುಂಡು ಕೂರಿಸಿ, ಮತ್ತೆ ಹಾರಿಸಬಹುದಂತೆ. ಶೂಟಿಂಗ್ ರೇಂಜಿನಲ್ಲಿ ಮಿಕ್ಕವರೆಲ್ಲ ಗುರಿ ನೋಡುತ್ತಿದ್ದರೆ ಇವರು ನೆಲ ನೋಡುತ್ತಿದ್ದರು.

ಒಂದು ಶನಿವಾರ ಸಾರಿಗೆಂದು ಹುಣಸೆಹಣ್ಣು ಹುಡುಕಿದರೆ ಡಬ್ಬ ಖಾಲಿ. ಗರಾಜಿಗೆ ಹೋಗಿ ನೋಡುತ್ತೇನೆ, ಬಕೆಟ್ಟಿನಲ್ಲಿ ಹುಳಿ ಕದಡಿ ನನ್ನ ಸವತಿಯರಿಗೆ ಸ್ನಾನ ನಡೆದಿದೆ!

"ನಮ್ಮಮ್ಮ ದೇವರ ದೀಪ ಹೀಗೇ ಅಲ್ವೇನೇ ತೊಳೀತಿದ್ದಿದ್ದು?"

"ದೀಪ ತೊಳೀರಿ ಅಂದ್ರೆ ಮಾತ್ರ ಬೆನ್ನುನೋವು ಬರತ್ತಲ್ಲ ನಿಮಗೆ!"

ನೆನೆಹಾಕಿ ಮರೆತೇಬಿಟ್ಟರು. ಮರುದಿನ ತೆಗೆದರೆ ಎಲ್ಲ ತಾಮ್ರದ ಹಾಗೆ ಕೆಂಪಗಾಗಿದ್ದವು. ಹುಳಿ ಹಿತ್ತಾಳೆಯ ಸತ್ವವನ್ನೇ ತಿಂದುಬಿಟ್ಟಿತ್ತಂತೆ. "ವೀಕ್ ಆಗ್ಬಿಟ್ವು, ಇನ್ನು ಫೈರ್ ಮಾಡೋ ಹಾಗಿಲ್ಲ" ಎಂದು ಮುಖ ಸಣ್ಣದು ಮಾಡಿಕೊಂಡರು. ನಾನು ಪಾಯಸ ಮಾಡಿದೆ.

ಆ ಸಂತೋಷ ಎಷ್ಟು ದಿನ? ಮುಂದಿನ ವಾರವೇ ಇನ್ನೊಂದು ಡಬ್ಬದ ತುಂಬ ಕೇಸು ಬಂದವು. ಅದೇ ವಾರ ಹತ್ತಿರದ ಎಲಿಕಾಟ್ ಸಿಟಿಯಲ್ಲಿ ಗೆಳತಿಯ ಗೃಹಪ್ರವೇಶ. ಹೊಸ ಸರ ಹಾಕಿಕೊಂಡು ಇವರ ಎದುರಿಗೇ ಹೋಗಿ ನಿಂತೆ. ಇವರು ಭೂತಗನ್ನಡಿ ಹಿಡಿದು ಕೇಸಿನ ಕತ್ತಿನಲ್ಲಿ ಬಿರುಕು ಹುಡುಕುತ್ತಿದ್ದರು! ನನ್ನ ಕತ್ತು ಯಾರಿಗೆ ಬೇಕು?

"ಅಲ್ಲಾರೀ, ಇವುಗಳ ಆಯಸ್ಸು ಎಷ್ಟು? ಹೇಳಿಬಿಡಿ, ಅಲ್ಲೀತನಕ ಕಾಯ್ತೀನಿ!"

ಪುಣ್ಯಾತ್ಮ ಅದನ್ನು ನಿಜವಾದ ಪ್ರಶ್ನೆ ಎಂದುಕೊಂಡರು.

"ಅದು ನೋಡ್ಕೊಳ್ಳೋದ್ರ ಮೇಲೆ ಕಣೇ. ಮದ್ದು ಜಾಸ್ತಿ ತುಂಬಿದ್ರೆ ನಾಲ್ಕೈದು ಸಲಕ್ಕೇ ಬಿರುಕು. ಹದವಾಗಿ ತುಂಬಿದ್ರೆ ತುಂಬಾ ದಿನ ಬರತ್ತೆ. ಒಂದೇ ರೈಫಲ್‌ನಲ್ಲಿ ಹಾರಿಸ್ತಾ ಇದ್ರೆ ಕೇಸು ಅದರ ಅಳತೆಗೇ ಹೊಂದ್ಕೊಂಡ್ಬಿಡತ್ತೆ. ಪ್ರತಿ ಸಲ ಒತ್ತಿ ಒತ್ತಿ ಮೊದಲಿನ ಶೇಪಿಗೆ ತರೋಕೆ ಹೋಗ್ತಾರಲ್ಲ, ಅದಕ್ಕೇ ಬೇಗ ಹಾಳಾಗೋದು. ನಾನು ಜಾಸ್ತಿ ತಿದ್ದೋಕೆ ಹೋಗಲ್ಲ."

ಭೂತಗನ್ನಡಿ ಕೆಳಗಿಟ್ಟು ನನ್ನ ಮುಖ ನೋಡಿದರು.

"ನಿನ್ನನ್ನೂ ಅಷ್ಟೇ. ಬೈದ್ರೆ ಬೈಕೊಳ್ಳಲಿ ಅಂತ ಸುಮ್ನಿರ್ತೀನಿ. ನಂಗೆ ನೀನು ಇನ್ನೂ ತುಂಬಾ ವರ್ಷ ಬೇಕಲ್ಲ."

ಒಂದು ಸ್ಟೂಲು ಎಳೆದುಕೊಂಡು ಅವರ ಪಕ್ಕದಲ್ಲೇ ಕೂತುಬಿಟ್ಟೆ. ಗೃಹಪ್ರವೇಶದ ಊಟಕ್ಕೆ ತಡವಾಗಿಯೇ ಹೋದೆವು.