ಸ್ಟೀರಿಯೋಗೆ ತೋಡಿದ ಗುಂಡಿ

ಆ ಭಾನುವಾರ ಸರೋಜ ಅಕ್ಕಿ ತೊಳೆದ ನೀರನ್ನು ಹಿತ್ತಲಿನ ಕರಿಬೇವಿನ ಗಿಡಕ್ಕೆ ಸುರಿದು, ಒಂದು ಎಸಳು ಕಿತ್ತುಕೊಂಡು ಒಳಗೆ ಬಂದಳು. ನಾನು ಹಾಲ್‌ನಲ್ಲಿ ಸ್ಟೀರಿಯೋ ಮುಂದೆ ಕಣ್ಣು ಮುಚ್ಚಿ ಕೂತಿದ್ದೆ. ಹಾಡು ಮುಗಿದಿತ್ತು. ಆದರೆ ನಮ್ಮ ಸ್ಪೀಕರ್ ಹಾಡು ಮುಗಿದ ಮೇಲೂ ಸುಮ್ಮನಿರುತ್ತಿರಲಿಲ್ಲ. ಗುಂಯ್ ಎನ್ನುತ್ತಲೇ ಇರುತ್ತಿತ್ತು.

“ರೀ, ಈ ಪೆಟ್ಟಿಗೆ ಒಳಗೆ ಜೇನು ಕಟ್ಟಿದೆ ಕಣ್ರೀ. ಓಡಿಸ್ರೀ ಅದನ್ನ.”

“ಕರೆಂಟು ಶುದ್ಧವಾಗಿಲ್ಲ, ಅಷ್ಟೇ. ಮುಂದಿನ ವಾರ ಸರಿ ಮಾಡ್ತೀನಿ.”

“ಊರೋರ ಫ್ಯಾಕ್ಟರಿಗೆಲ್ಲ ಕರೆಂಟ್ ಹಂಚ್ತೀರ. ಮನೇಲಿ ನೋಡಿದ್ರೆ ಹಿಂಗೆ!”

ಮಾತಿನಲ್ಲಿ ನ್ಯಾಯವಿತ್ತು. ನಾನು ಪೀಣ್ಯದಲ್ಲಿ ವಿದ್ಯುತ್ ಪ್ಯಾನೆಲ್‌ಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಖಾನೆಯ ಸೂಪರ್‌ವೈಸರ್. ದೊಡ್ಡ ದೊಡ್ಡ ಯಂತ್ರಗಳೇ ನನ್ನ ಪ್ಯಾನೆಲ್ ನಂಬಿಕೊಂಡು ತಿರುಗುತ್ತವೆ. ಒಂದು ಗುಂಯ್ ನನಗೆ ಯಾವ ಲೆಕ್ಕ!

ಮರುದಿನ ಬೆಳಗ್ಗೆ ಅವಳ ಹೃದಯ ನಿಂತಿತು. ಒಲೆಯ ಮೇಲಿಟ್ಟ ಹಾಲು ಇನ್ನೂ ಕಾದಿರಲಿಲ್ಲ.

ಮಣ್ಣು ಮಾಡಿ, ಬಂದವರೆಲ್ಲ ಹೊರಟ ಮೇಲೆ ಮಾಕಳಿಯ ಆ ಮನೆಯಲ್ಲಿ ಉಳಿದದ್ದು ನಾನು ಮತ್ತು ಜೇನು. ಅದನ್ನು ಓಡಿಸುವುದೇ ಅವಳು ನನಗೆ ಹೇಳಿದ ಕೊನೆಯ ಕೆಲಸ. ವರ್ಷದ ತಿಥಿಯ ದಿನ ಅವಳಿಗೆ ಇಷ್ಟವಾಗಿದ್ದ ಹಾಡನ್ನು ಗುಂಯ್ ಇಲ್ಲದೆ ಹಾಕಬೇಕು ಎಂದು ತೀರ್ಮಾನಿಸಿದೆ. ಇನ್ನೇನನ್ನೂ ಮಾಡಲು ನನಗೆ ತೋಚುತ್ತಿರಲಿಲ್ಲ.

ನಮ್ಮ ಕಾರ್ಖಾನೆಯ ಪ್ರಸನ್ನನಿಗೆ ಸ್ಟೀರಿಯೋ ಹುಚ್ಚು. ಅವನನ್ನು ಕೇಳಿದೆ.

“ಎರಡೇ ಐಟಂ ಗುರು. ಒಂದು ಪವರ್ ಕಂಡೀಷನರ್, ಇನ್ನೊಂದು ಒಳ್ಳೇ ಪವರ್ ಕೇಬಲ್. ಕಂಡೀಷನರ್ ಅಂದ್ರೆ ಕರೆಂಟಿಗೆ ವಾಟರ್ ಫಿಲ್ಟರ್ ಇದ್ದಂಗೆ. ಕೊಳೆ ಎಲ್ಲ ಅಲ್ಲೇ ನಿಂತ್ಕೊಳತ್ತೆ!”

ಮೊದಲು ಕೇಬಲ್ ಬಂತು. ಮದುವೆಯ ಒಡವೆ ಇಡುವಂಥ ಮಖಮಲ್ಲಿನ ಪೆಟ್ಟಿಗೆಯಲ್ಲಿ ಬಂತು. ನನ್ನ ಮಣಿಕಟ್ಟಿನಷ್ಟು ದಪ್ಪವಿತ್ತು. ಗೋಡೆಯೊಳಗಿನ ತಂತಿ ಊದಿನಕಡ್ಡಿಯಷ್ಟೇ ಇದೆ. ಮೈಲುಗಟ್ಟಲೆ ಸಂದಿಯಲ್ಲಿ ತೂರಿಕೊಂಡು ಬಂದ ಕರೆಂಟಿಗೆ ಕೊನೆಯ ಒಂದು ಗಜ ಮಾತ್ರ ರಾಜಮಾರ್ಗ! ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಭಕ್ತಿಯಿಂದ ಸಿಕ್ಕಿಸಿದೆ. ಅದು ಬಾಗಲಿಲ್ಲ. ಬಾಗುವ ಬದಲು ಆಂಪ್ಲಿಫೈಯರನ್ನೇ ಮುಂದಕ್ಕೆ ತಳ್ಳಿತು. ಸ್ಟ್ಯಾಂಡನ್ನು ಎಳೆದೆ, ಇನ್ನೂ ಎಳೆದೆ. ಕೊನೆಗೆ ಸ್ಟೀರಿಯೋ ಹಾಲ್‌ನ ನಟ್ಟನಡುವೆ ನಿಂತಿತು, ಸಭೆಯ ಅಧ್ಯಕ್ಷರ ಹಾಗೆ.

ಪಕ್ಕದ ಮನೆಯ ಗೌರಮ್ಮ ಸಾರು ತಂದವಳು ಎಡವಿದಳು. ಆಕೆ ಈ ಊರಿನ ಹಳೆಯ ಗೌಡರ ಮನೆಯವಳು. ಸರೋಜ ಇದ್ದಾಗ ದಿನವೂ ಕರಿಬೇವಿಗೆ ಬರುತ್ತಿದ್ದಳು, ಈಗ ಸಾರು ತರುತ್ತಾಳೆ.

“ಇದೇನಣ್ಣ, ಆವು ಮಲಗ್ದಂಗೈತೆ!”

“ಕರೆಂಟ್ ತಂತಿ, ಗೌರಮ್ಮ.”

“ನಮ್ ಬೋರ್‌ವೆಲ್ ಮೋಟ್ರಿಗೂ ಇಷ್ಟ್ ದಪ್ಪ ಇಲ್ವಲ್ಲ! ಇದು ನೀರೆತ್ತುತ್ತಾ?”

ಆಮೇಲೆ ಕಂಡೀಷನರ್ ಬಂತು. ರುಬ್ಬುಗಲ್ಲಿನಷ್ಟು ಭಾರ. ಕೈಮುಗಿದು ಸ್ವಿಚ್ ಹಾಕಿದೆ. ಸ್ಪೀಕರ್ ಗುಂಯ್ ಎಂದಿತು. ಕಂಡೀಷನರ್ ಕೂಡ ಗುಂಯ್ ಎಂದಿತು. ಜೇನು ಎರಡನೆಯ ಗೂಡು ಕಟ್ಟಿತ್ತು!

ಪ್ರಸನ್ನ ಬಂದು ಡಾಕ್ಟರ ಹಾಗೆ ಅದರ ಬೆನ್ನಿಗೆ ಕಿವಿಯಿಟ್ಟ.

“ಇದರ ತಪ್ಪಲ್ಲ ಗುರು. ನಿಮ್ಮನೆ ಅರ್ಥಿಂಗ್ ವೀಕು. ಕೊಳೆ ತೆಗೀತು ಅಂತಿಟ್ಕೋ, ಸುರಿಯೋಕೆ ಭೂಮಿ ಬೇಡ್ವಾ?”

ಅರ್ಥಿಂಗ್! ಅದು ನನ್ನ ವಿದ್ಯೆ. ತೇವ ಆರದ ಜಾಗದಲ್ಲಿ ಆಳದ ಗುಂಡಿ ತೋಡಬೇಕು, ತಾಮ್ರದ ತಟ್ಟೆ ಇಳಿಸಬೇಕು, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ತುಂಬಬೇಕು. ಪೀಣ್ಯದಲ್ಲಿ ನಾನು ತೋಡಿಸಿದ ಇಂಥ ಗುಂಡಿಗಳಿಗೆ ಲೆಕ್ಕವಿಲ್ಲ.

ಅಂಗಡಿಗೆ ಹೋಗಿ ಒಂದು ಮೂಟೆ ಕಲ್ಲುಪ್ಪು ಕೇಳಿದೆ. ಅಂಗಡಿಯವನು ಎದ್ದು ನಿಂತ. ನಮ್ಮಲ್ಲಿ ಮಣ್ಣು ಮಾಡುವಾಗ ಗುಂಡಿಗೆ ಉಪ್ಪು ಸುರಿಯುತ್ತಾರೆ. ಹಿಂದಿನ ಸಲ ನಾನು ಮೂಟೆ ಉಪ್ಪು ಒಯ್ದದ್ದೂ ಅವನ ಅಂಗಡಿಯಿಂದಲೇ.

“ಅಯ್ಯೋ ಸಾರ್…” ಎಂದು ದನಿ ತಗ್ಗಿಸಿದ. “ಈಗ ಯಾರು?”

“ಯಾರೂ ಇಲ್ಲಪ್ಪ. ಸ್ಟೀರಿಯೋಗೆ.”

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು, ಮೂಟೆಯನ್ನು ಎರಡೂ ಕೈಯಲ್ಲಿ ಎತ್ತಿ ಸ್ಕೂಟರಿನ ಮೇಲಿಟ್ಟ.

ಹಿತ್ತಲಲ್ಲಿ ಬೇಸಿಗೆಯಲ್ಲೂ ತೇವ ಆರದ ಜಾಗ ಒಂದೇ ಒಂದು. ವರ್ಷಗಟ್ಟಲೆ ಸರೋಜ ಅಕ್ಕಿ ತೊಳೆದ ನೀರು ಸುರಿದ ಜಾಗ, ಕರಿಬೇವಿನ ಬುಡ. ಮೀಟರ್ ಇಟ್ಟು ಪರೀಕ್ಷಿಸಿದೆ. ಶ್ರೇಷ್ಠ ರೀಡಿಂಗ್! ಅಲ್ಲೇ ಪಕ್ಕದಲ್ಲಿ ಅಗೆಯಲು ಶುರು ಮಾಡಿದೆ.

ಕಾಂಪೌಂಡಿನ ಮೇಲೆ ಗೌರಮ್ಮನ ತಲೆ ಕಾಣಿಸಿತು.

“ಅಣ್ಣ, ಗುಂಡಿ, ಉಪ್ಪು… ಏನಿದೆಲ್ಲ? ಒಬ್ನೇ ಇದೀನಿ ಅಂತ ಇಂಗೆಲ್ಲ ಯೋಚ್ನೆ ಮಾಡ್ಬ್ಯಾಡ ಕಣಣ್ಣ!”

“ನನಗಲ್ಲ ಗೌರಮ್ಮ. ಸ್ಟೀರಿಯೋಗೆ.”

“ಅದುನ್ನೂ ಮಣ್ಣು ಮಾಡ್ತೀಯಾ?”

ಸಂಜೆ ತಂತಿ ಜೋಡಿಸಿ ಹಾಡು ಹಾಕಿದೆ. ಹಾಡುವವಳು ಉಸಿರು ಎಳೆದುಕೊಳ್ಳುವುದೂ ಕೇಳಿಸಿತು. ಹಾಡು ಮುಗಿಯಿತು. ಗುಂಯ್ ಇಲ್ಲ. ಏನೂ ಇಲ್ಲ! “ಕೇಳಿಸ್ತಾ?” ಎಂದು ಅಡುಗೆಮನೆಯ ಕಡೆ ತಿರುಗಿದೆ. ಅಲ್ಲಿಯೂ ಏನೂ ಇರಲಿಲ್ಲ. ಇಷ್ಟು ಶುದ್ಧವಾದ ಮೌನವನ್ನು ನಾನು ಕೈಯಾರೆ ಮಾಡಿಕೊಂಡಿದ್ದೆ.

ಕೆಲವು ವಾರಗಳಲ್ಲಿ ಕರಿಬೇವಿನ ಎಲೆ ಹಳದಿಯಾಯಿತು. ಅವಳು ಹೋದ ಮೇಲೆ ಗಿಡಕ್ಕೆ ನೀರು ಸಾಲುತ್ತಿಲ್ಲ ಎಂದುಕೊಂಡು ಬಕೆಟ್‌ಗಟ್ಟಲೆ ಸುರಿದೆ. ಗುಂಡಿಗೆ ನೀರು ಇಳಿದಷ್ಟೂ ಅರ್ಥಿಂಗ್ ಚೆನ್ನಾಗುತ್ತದೆ. ಹಾಗಾಗಿ ಹಾಡು ದಿನದಿನಕ್ಕೂ ಸೊಗಸಾಯಿತು, ಗಿಡ ದಿನದಿನಕ್ಕೂ ಬೋಳಾಯಿತು. ನಾನು ಇನ್ನಷ್ಟು ನೀರು ಸುರಿದೆ!

ಗೌರಮ್ಮ ಒಂದು ದಿನ ಎಸಳು ಕೀಳಲು ಬಂದು ಕೂಗಿಕೊಂಡಳು.

“ಉಪ್ಪು ಉಯ್ದು ಅದ್ರ ಮ್ಯಾಲೆ ನೀರು ಬಿಡ್ತಾ ಕುಂತಿದೀಯಲ್ಲಣ್ಣ! ಗಿಡದ್ ಬೇರೆಲ್ಲ ಉಪ್ಪಿನಕಾಯಿ ಆಗೋಗೈತೆ! ಸರೋಜಕ್ಕ ಕೂಸು ಸಾಕ್ದಂಗೆ ಸಾಕಿದ್ಳು.”

ನಾನು ಹಾರೆ ತಂದೆ. ತಟ್ಟೆ, ಇದ್ದಿಲು, ಉಪ್ಪು, ಎಲ್ಲವನ್ನೂ ಅಗೆದು ತೆಗೆದೆ. ಪ್ರಸನ್ನ ಫೋನಿನಲ್ಲಿ ಬೈದ.

“ಹುಚ್ಚಾ ಗುರು? ಅಷ್ಟು ಒಳ್ಳೇ ಅರ್ಥಿಂಗ್ ಯಾರಾದ್ರೂ ಕಿತ್ತಾಕ್ತಾರಾ? ಸೌಂಡ್ ಹೋಗತ್ತೆ!”

“ಹೋಗ್ಲಿ ಬಿಡೋ.”

ಮನೆಯ ಹಳೆಯ ಅರ್ಥಿಂಗಿಗೇ ತಂತಿ ಕೊಟ್ಟೆ. ಗುಂಯ್ ತಕ್ಷಣ ವಾಪಸ್ಸಾಯಿತು. ಗಿಡ ವಾಪಸ್ಸಾಗಲಿಲ್ಲ.

ತಿಥಿಯ ದಿನ ಎಡೆಯ ಅಡುಗೆಗೆ ಗೌರಮ್ಮ ಅಂಗಡಿಯಿಂದ ಕರಿಬೇವು ತಂದಳು. ನಾನು ಹಾಡು ಹಾಕಿದೆ. ಹಾಡು ಮುಗಿದ ಮೇಲೆ ಸ್ಪೀಕರ್ ಗುಂಯ್ ಎಂದಿತು, ಕಂಡೀಷನರ್ ದನಿಗೂಡಿಸಿತು. ನೆಂಟರೆಲ್ಲ ಮರ್ಯಾದೆಯಿಂದ ತಲೆ ತಗ್ಗಿಸಿ ಕೂತಿದ್ದರು.

ಕಂಡೀಷನರ್ ಮೇಲೆ ಈಗ ಗೌರಮ್ಮ ಸಾರಿನ ಪಾತ್ರೆ ಇಟ್ಟು ಹೋಗುತ್ತಾಳೆ. ಅದರ ಕಾವಿಗೆ ನಾನು ಪೀಣ್ಯದಿಂದ ಬರುವವರೆಗೂ ಸಾರು ಬೆಚ್ಚಗಿರುತ್ತದೆ. ಅದರಿಂದ ಆದ ಉಪಕಾರ ಅದೊಂದೇ.

ಬೆಳಗ್ಗೆ ಅಕ್ಕಿ ತೊಳೆದ ನೀರನ್ನು ಆ ಒಣಗಿದ ಕಡ್ಡಿಯ ಬುಡಕ್ಕೆ ಸುರಿಯುತ್ತೇನೆ. ಒಬ್ಬನಿಗೆ ಬೇಕಾದ ಅಕ್ಕಿ, ನೀರೂ ಸ್ವಲ್ಪವೇ. ಇನ್ನೂ ಚಿಗುರಿಲ್ಲ. ಜೇನು ಪೆಟ್ಟಿಗೆಯಲ್ಲೇ ಇದೆ. ಅದನ್ನು ಓಡಿಸಿ ಎನ್ನುವವಳು ಇಲ್ಲ.