ಮುರಳಿಮೋಹನನ ಕ್ಯಾರಿಯರ್

ಎಲ್ಲದಕ್ಕೂ ಕಾರಣ ಒಂದೇ ಒಂದು 'ಹೂಂ'.

ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ, ಗೌರಿಬಿದನೂರಿನ ತನ್ನ ಮನೆಯ ಬಚ್ಚಲಿನಲ್ಲಿ ಮುರಳಿಮೋಹನ್ ನೀರಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಫೋನಿನಲ್ಲಿ ಪಿಸುಗುಡುತ್ತಿದ್ದ. "ಸಂಜೆ ಆರು ಗಂಟೆಯೊಳಗೆ ಹೇಳ್ತೀನಿ ಸಾರ್. ಕೆರಿಯರ್ ಕೋಚಿಂಗ್ ತಗೋಬೇಕು ಅಂತಾನೇ ಇದೆ. ಮನೇಲಿ ಇನ್ನೂ ಹೇಳಿಲ್ಲ. ಫ್ಯಾಕ್ಟರೀಲಂತೂ ಯಾರಿಗೂ ಗೊತ್ತಾಗ್ಬಾರ್ದು ಸಾರ್."

ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಅವನು ಒಂಬತ್ತು ವರ್ಷದಿಂದ ಸ್ಟೋರ್ಸ್ ಅಸಿಸ್ಟೆಂಟ್. ಅವನಾದ ಮೇಲೆ ಬಂದವರೆಲ್ಲ ಮೆಟ್ಟಿಲು ಹತ್ತಿ ಹೋಗಿದ್ದರು. ಇವನು ಮೆಟ್ಟಿಲಿನಂತೆ ಇದ್ದಲ್ಲೇ ಇದ್ದ. ಈಗ ಶಿಫ್ಟ್ ಇನ್‌ಚಾರ್ಜ್ ಜಾಗ ಖಾಲಿಯಾಗಿತ್ತು. ಸೋಮವಾರ ಇಂಟರ್‌ವ್ಯೂ. ಈ ಸಲ ತಪ್ಪಿದರೆ ರಿಟೈರ್ ಆಗುವವರೆಗೂ ನಟ್ಟು ಬೋಲ್ಟು ಎಣಿಸುವುದೇ ಗತಿ ಎಂದು ಅವನಿಗೆ ಖಾತ್ರಿಯಾಗಿತ್ತು.

ಹೀಗಿರುವಾಗ ಹೋದ ವಾರ ಫೋನಿನಲ್ಲಿ ಕೆರಿಯರ್ ಕೋಚ್ ಚೈತನ್ಯ ಅವರ ಜಾಹೀರಾತು ಕಂಡಿತು. ಟೈ ಕಟ್ಟಿಕೊಂಡು, ಬೆನ್ನ ಹಿಂದೆ ಮುಗಿಲು ಮುಟ್ಟುವ ಗಾಜಿನ ಕಟ್ಟಡ ಇಟ್ಟುಕೊಂಡು ಮಾತಾಡುವ ಮನುಷ್ಯ. ಮೊದಲ ಹದಿನೈದು ನಿಮಿಷ ಪುಕ್ಕಟೆ. ಆ ಹದಿನೈದು ನಿಮಿಷದಲ್ಲಿ ಅವರು, "ನಿಮ್ಮೊಳಗೆ ಒಬ್ಬ ಲೀಡರ್ ಮಲಗಿದಾನೆ, ಎಬ್ಬಿಸೋದು ನನ್ನ ಕೆಲಸ" ಅಂದಾಗ ಮುರಳಿಯ ಮೈ ಜುಮ್ಮೆಂದಿತು. ಅವನೊಳಗೆ ಏನೋ ಇದೆ ಅಂತ ಇದುವರೆಗೆ ಹೇಳಿದ್ದವರು ಸ್ಕ್ಯಾನಿಂಗ್ ಡಾಕ್ಟರು ಒಬ್ಬರೇ. ಅವರು ಹೇಳಿದ್ದು ಕಿಡ್ನಿ ಕಲ್ಲಿನ ವಿಷಯ.

"ಎಲ್ಲಿಂದ ಮಾತಾಡ್ತಿದೀರಿ?" ಎಂದು ಚೈತನ್ಯ ಕೇಳಿದ್ದಕ್ಕೆ ಮುರಳಿ "ಬೆಂಗಳೂರು" ಅಂದಿದ್ದ. ಗೌರಿಬಿದನೂರು ಅಂದರೆ ಒಳಗಿನ ಲೀಡರು ಮಗ್ಗುಲು ಬದಲಾಯಿಸಿ ಮತ್ತೆ ಮಲಗಿಬಿಟ್ಟಾನು ಎಂಬ ಭಯ. "ನಾನೂ ಬೆಂಗಳೂರೇ," ಎಂದಿದ್ದರು ಅವರು.

ಬಚ್ಚಲ ಬಾಗಿಲು ತೆರೆದರೆ ಎದುರಿಗೆ ತಾಯಿ ಕದಿರಮ್ಮ, ಬಿಸಿನೀರಿನ ಚೊಂಬು ಹಿಡಿದು ನಿಂತಿದ್ದಾರೆ.

"ಏನಪ್ಪಾ ಅದು, ಕ್ಯಾರಿಯರ್ ಕ್ಯಾರಿಯರ್ ಅಂತಿದ್ದೆ?"

"ಏನಿಲ್ಲಮ್ಮ."

"ಊಟದ ಕ್ಯಾರಿಯರ್ರಾ? ಫ್ಯಾಕ್ಟರಿಗಾ?"

ಕಂಪನಿ ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯಿತು. ಮುರಳಿಯ ಒಂದು ಕಾಲು ಪ್ಯಾಂಟಿನೊಳಗಿತ್ತು, ಇನ್ನೊಂದು ದಾರಿ ಹುಡುಕುತ್ತಿತ್ತು. "ಹೂಂ," ಎಂದ.

ಅಷ್ಟೇ.

ಬೀದಿಗೆ ಇಳಿದರೆ ಟೊಮೇಟೊ ಆಟೋ ಅಡ್ಡ ನಿಂತಿತ್ತು. ಅದರ ಮೈಕಿನಲ್ಲಿ ಯಾವತ್ತೋ ರೆಕಾರ್ಡು ಮಾಡಿದ ಒಂದೇ ಕೂಗು: "ಬನ್ರಮ್ಮಾ ಬನ್ರಿ, ಚಿಂತಾಮಣಿ ಟೊಮೇಟೊ, ಕಲ್ಲಿನಂಗಿರೋ ಟೊಮೇಟೊ!" ಅದಾದ ಮೇಲೆ ಒಂದು ಕೆಮ್ಮು. ರೆಕಾರ್ಡು ಮಾಡುವಾಗ ಆಟೋದವನಿಗೆ ಕೆಮ್ಮು ಬಂದಿತ್ತಂತೆ. ಅಳಿಸಲು ಗೊತ್ತಾಗದೆ ಎರಡು ವರ್ಷದಿಂದ ಬೆಳಿಗ್ಗೆ ಸಂಜೆ ಹಾಗೇ ಕೆಮ್ಮುತ್ತಿದ್ದಾನೆ.

ಎದುರು ಮನೆಯ ವರಲಕ್ಷ್ಮಮ್ಮ ಆಟೋದ ಪಕ್ಕದಿಂದಲೇ ಮುರಳಿಯ ಶರ್ಟಿನ ತೋಳು ಹಿಡಿದರು. "ಮುರಳಿ, ನಮ್ಮ ಮಹಡಿಗೆ ಒಬ್ಬ ಹುಡುಗ ಬಾಡಿಗೆಗೆ ಬಂದಿದಾನೆ ಕಣಪ್ಪ. ದೇವುಡಾ! ಕೆಲಸ ಇಲ್ಲ, ಕಾರ್ಯ ಇಲ್ಲ. ಕೆಳಗೇ ಇಳಿಯಲ್ಲ. ದಿನವೆಲ್ಲ ಒಬ್ಬನೇ ಕೂತ್ಕೊಂಡು ಮಾತಾಡ್ತಾನೆ. ಮೂರು ಹೊತ್ತೂ ನೂಡಲ್ಸ್ ತಿಂತಾನೆ. ನಿಮ್ಮ ಫ್ಯಾಕ್ಟರೀಲಿ ಏನಾದ್ರೂ ಒಂದು ಮಾತು ಹಾಕಪ್ಪ."

"ಆಗ್ಲಿ ಅಮ್ಮ, ನೋಡಣ," ಎಂದು ಮುರಳಿ ಬಸ್ಸು ಹತ್ತಿದ. ತನಗೇ ಒಂದು ಮಾತು ಹಾಕುವವರಿಲ್ಲ, ಪಾಪ ಆ ಹುಡುಗನಿಗೆಲ್ಲಿ!

ಅವನ ಬಸ್ಸು ಊರು ದಾಟುವ ಮುಂಚೆ ಕದಿರಮ್ಮ ಬಾಗಿಲಿಗೆ ಬಂದರು. "ನಮ್ಮ ಮುರಳಿ ಕ್ಯಾರಿಯರ್ ಶುರು ಮಾಡ್ತಾನಂತೆ ವರಲಕ್ಷ್ಮಿ. ಫ್ಯಾಕ್ಟರಿಯವರಿಗೆಲ್ಲ ಮನೆ ಊಟ. ಸಂಜೆ ಆರರೊಳಗೆ ಹೆಸರು ಹೇಳ್ಬೇಕಂತೆ."

ವರಲಕ್ಷ್ಮಮ್ಮನ ತಂಗಿಯ ಮಗ ಚಿರಂಜೀವಿ ಅದೇ ಫ್ಯಾಕ್ಟರಿಯಲ್ಲಿದ್ದ. ಆಕೆ ಫೋನು ತೆಗೆದರು.

ಸುದ್ದಿ ಬಸ್ಸಿಗಿಂತ ಮೊದಲೇ ಕುಡುಮಲಕುಂಟೆ ತಲುಪಿತು. ಮುರಳಿ ಗೇಟಿನಲ್ಲಿ ಇಳಿಯುತ್ತಿದ್ದಂತೆ ಚಿರಂಜೀವಿ ಓಡಿಬಂದು ಬೆನ್ನ ಮೇಲೆ ಗುದ್ದಿದ. "ಎಂಥಾ ಕಳ್ಳ ಕಣೋ ನೀನು! ಇಷ್ಟು ದೊಡ್ಡ ವಿಷಯ, ನನ್ನ ಹತ್ರಾನೂ ಮುಚ್ಚಿಟ್ಟಿದೀಯಲ್ಲ!"

ಮುರಳಿ ಎರಡು ಹೆಜ್ಜೆ ಹಿಂದೆ ಸರಿದ. "ಯ... ಯಾವ ವಿಷಯ?"

"ಕ್ಯಾರಿಯರ್ ವಿಷಯ ಕಣೋ. ಫ್ಯಾಕ್ಟರಿಗೆಲ್ಲ ಗೊತ್ತಾಯ್ತು. ಒಳ್ಳೇ ಕೆಲಸ ಮಾಡ್ತಿದೀಯ. ನಂದೂ ಸೇರಿಸ್ಕೋ."

ಚಿರಂಜೀವಿಗೂ ಕೋಚಿಂಗ್ ಬೇಕೆ? ಅದೇ ಶಿಫ್ಟ್ ಇನ್‌ಚಾರ್ಜ್ ಜಾಗಕ್ಕೆ ಅವನೂ ಕಣ್ಣಿಟ್ಟವನು! ಮುರಳಿ ಹಲ್ಲು ಕಚ್ಚಿ ಸ್ಟೋರ್ಸಿಗೆ ನಡೆದ. ದಾರಿಯುದ್ದಕ್ಕೂ ಕಂಡಕಂಡವರೆಲ್ಲ ಹೆಬ್ಬೆರಳು ತೋರಿಸಿದರು. ಪ್ಯಾಕಿಂಗಿನ ಭಾನುಪ್ರಿಯಾ ಅಂತೂ, "ಅಣ್ಣಾ, ನಮ್ಮ ಲೈನಿನ ಎಂಟು ಜನಾನೂ ಬರ್ಕೊಳ್ಳಿ," ಎಂದು ಕೈಮುಗಿದಳು. ಇಡೀ ಫ್ಯಾಕ್ಟರಿಯೊಳಗೆ ಇಷ್ಟೊಂದು ಲೀಡರುಗಳು ಮಲಗಿದ್ದಾರೆಯೆ ಎಂದು ಮುರಳಿ ಬೆರಗಾದ.

ಹನ್ನೊಂದಕ್ಕೆ ಮ್ಯಾನೇಜರ್ ರಮೇಶ್‌ಬಾಬು ಕರೆಕಳಿಸಿದರು. ಮುರಳಿ ಬೆವರು ಒರೆಸಿಕೊಂಡು ಒಳಗೆ ಹೋದ.

"ಕೂತ್ಕೊಳ್ಳಿ. ಎಲ್ಲಾ ಕೇಳ್ದೆ. ನನಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

"ತಪ್ಪಾಯ್ತು ಸಾರ್. ಇನ್ನೂ ಡಿಸೈಡ್ ಮಾಡಿಲ್ಲ ಸಾರ್. ಫ್ಯಾಕ್ಟರಿ ಬಗ್ಗೆ ಬೇಜಾರಿಂದ ಅಲ್ಲ..."

"ಬೇಜಾರಾಗ್ದೇ ಇರತ್ತೇನ್ರೀ? ಇಲ್ಲಿ ಕೊಡೋದು ಯಾರಿಗೆ ಸಾಕಾಗತ್ತೆ? ನಾನೇ ಎಷ್ಟು ವರ್ಷದಿಂದ ನುಂಗ್ಕೊಂಡು ಕೂತಿದೀನಿ ಗೊತ್ತಾ?"

ಮುರಳಿಯ ಕಣ್ಣು ಮಂಜಾಯಿತು. ಮ್ಯಾನೇಜರ್ ಮನಸ್ಸಿನಲ್ಲೂ ಇಷ್ಟು ನೋವಿದೆ ಎಂದು ಅವನಿಗೆ ಹೊಳೆದಿರಲಿಲ್ಲ. "ಸಾರ್, ನೀವೂ ಒಂದ್ಸಲ ಟ್ರೈ ಮಾಡಿ ಸಾರ್. ಒಳಗಿರೋದನ್ನ ಎಬ್ಬಿಸ್ತಾರೆ."

"ಎಬ್ಬಿಸೋದು ಬೇಡಪ್ಪ, ಗ್ಯಾಸ್ಟ್ರಿಕ್ ಇದೆ. ಖಾರ ಕಮ್ಮಿ ಹಾಕ್ಸಿ. ಮುದ್ದೆ ಒಂದೇ ಸಾಕು, ಸೊಪ್ಪಿನ ಸಾರು ಧಾರಾಳವಾಗಿರ್ಲಿ."

ಬೆಳಗಿನ 'ಹೂಂ' ಮುರಳಿಯ ಕಿವಿಯಲ್ಲಿ ಗಂಟೆಯಂತೆ ಮೊಳಗಿತು.

"ಸಾರ್, ಅದು ಆ ಕ್ಯಾರಿಯರ್ ಅಲ್ಲ..."

"ಸ್ಟೀಲಿಂದೋ ಪ್ಲಾಸ್ಟಿಕ್ಕೋ ನನಗೆ ಎರಡೂ ಓಕೆ. ಆಮೇಲೆ, ಬಿಸಿನೆಸ್ ಶುರು ಮಾಡೋರಿಗೆ ನೈಟ್ ಶಿಫ್ಟು, ಇಂಟರ್‌ವ್ಯೂ ಅಂತ ತೊಂದ್ರೆ ಕೊಡಬಾರ್ದು ನೋಡಿ. ಇನ್‌ಚಾರ್ಜ್ ಪೋಸ್ಟಿಗೆ ನಿಮ್ಮ ಹೆಸರು ತೆಗೆದು ಚಿರಂಜೀವಿ ಹೆಸರು ಕಳಿಸಿಬಿಟ್ಟೆ. ಈಗ ತಾನೇ ಹೆಡ್ಡಾಫೀಸಿಂದ ಓಕೆ ಬಂತು. ಥ್ಯಾಂಕ್ಸ್ ಎಲ್ಲಾ ಬೇಡ, ಹೋಗಿ."

ಆ ದಿನ ಮುರಳಿ ಒಂದೇ ಡಬ್ಬಿಯ ನಟ್ಟುಗಳನ್ನು ನಾಲ್ಕು ಸಲ ಎಣಿಸಿದ. ನಾಲ್ಕು ಸಲವೂ ಬೇರೆ ಬೇರೆ ಲೆಕ್ಕ ಬಂತು.

ಸಂಜೆ ಬಸ್ಸಿಳಿದು ಬರುವಾಗ ಅವನು ಎರಡು ನಿರ್ಧಾರ ಮಾಡಿದ್ದ. ಒಂದು, ಮನೆಗೆ ಹೋದ ಕೂಡಲೇ ಕ್ಯಾರಿಯರ್ ಸುದ್ದಿ ಸುಳ್ಳು ಅಂತ ಹೇಳಿಬಿಡುವುದು. ಎರಡು, ಚೈತನ್ಯ ಅವರಿಗೆ ಒಪ್ಪಿಗೆ ಕೊಡುವುದು. ಈ ಫ್ಯಾಕ್ಟರಿ ಹೋದರೆ ಇನ್ನೊಂದು! ಒಳಗಿನ ಲೀಡರು ಈಗ ನಿಜಕ್ಕೂ ಎದ್ದು ಕೂತಿದ್ದ. ಹೆಜ್ಜೆ ಇಟ್ಟಂತೆಲ್ಲ ಮುರಳಿಯ ಬೆನ್ನು ನೆಟ್ಟಗಾಯಿತು.

ಮನೆಯ ಜಗಲಿಯ ಮೇಲೆ, ಬೀದಿಯ ಮನೆಗಳಿಂದೆಲ್ಲ ಕೇಳಿ ತಂದ ಮೂವತ್ತು ಕ್ಯಾರಿಯರುಗಳು ಸಾಲಾಗಿ ಕೂತಿದ್ದವು. ಸ್ಟೀಲಿನವು, ಹಿತ್ತಾಳೆಯವು, ಹಿಡಿ ಮುರಿದು ಹಗ್ಗ ಕಟ್ಟಿದವು. ನಡುವೆ ಅವನ ಹೆಂಡತಿ ಮಾಲಾ, ಕೈಯಲ್ಲಿ ಮಗನ ಲೆಕ್ಕದ ನೋಟ್‌ಬುಕ್ಕು. ಮದುವೆಯಾದ ಹನ್ನೆರಡು ವರ್ಷದಲ್ಲಿ ಅವಳ ಮುಖ ಹೀಗೆ ಹೊಳೆದದ್ದನ್ನು ಅವನು ನೋಡಿರಲಿಲ್ಲ.

"ಏನ್ರೀ ನೀವು! ನನಗೊಂದು ಮಾತು ಹೇಳ್ದೇನೇ!" ಅವಳು ನೋಟ್‌ಬುಕ್ಕನ್ನು ಎದೆಗೊತ್ತಿಕೊಂಡಳು. "ಕೆಂಚಾರ್ಲಹಳ್ಳೀಲಿ, ನಮ್ಮಮ್ಮನ ಮನೇಲಿ, ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟೋಕೆ ಬಿಡೋ ದಿನ ಇಪ್ಪತ್ತು ಆಳಿಗೆ ನಾನೊಬ್ಬಳೇ ಬೇಯಿಸಿ ಹಾಕ್ತಿದ್ದೆ. ಯಾವತ್ತೋ ಒಂದ್ಸಲ ಹೇಳಿದ್ದೆ. ನೀವು ಕೇಳಿಸ್ಕೊಂಡೇ ಇಲ್ಲ ಅನ್ಕೊಂಡಿದ್ದೆ ಕಣ್ರೀ. ಎಲ್ಲಾ ಮನಸ್ಸಲ್ಲಿಟ್ಕೊಂಡು ಇಷ್ಟು ದೊಡ್ಡ ಕೆಲಸ ಮಾಡಿದೀರ!"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುರಳಿಯ ಮೊದಲನೇ ನಿರ್ಧಾರ ಅಲ್ಲೇ, ಬಿಸಿ ಸಾರಿಗೆ ಬಿದ್ದ ಬೆಣ್ಣೆಯಂತೆ ಕರಗಿಹೋಯಿತು.

"ಇರು ಬಂದೆ," ಎಂದು ಅವನು ರೂಮಿಗೆ ನುಗ್ಗಿ ಬಾಗಿಲು ಹಾಕಿಕೊಂಡ. ಆರಕ್ಕೆ ಐದು ನಿಮಿಷ. ಎರಡನೇ ನಿರ್ಧಾರವಾದರೂ ಉಳಿಯಲಿ. ವಿಡಿಯೋ ಕಾಲ್ ಹಚ್ಚಿದ. ಟೈ ಬಂತು, ಗಾಜಿನ ಕಟ್ಟಡ ಬಂತು.

"ಹೇಳಿ ಮುರಳಿಮೋಹನ್! ಡಿಸೈಡ್ ಮಾಡಿದ್ರಾ?" ಚೈತನ್ಯ ಅವರ ದನಿಯಲ್ಲೇ ಕರೆಂಟು ಹರಿಯಿತು.

"ಮಾಡ್ದೆ ಸಾರ್. ಇವತ್ತಿಂದ ನಾನು ನಿಮ್ಮ..."

"ಬನ್ರಮ್ಮಾ ಬನ್ರಿ, ಚಿಂತಾಮಣಿ ಟೊಮೇಟೊ, ಕಲ್ಲಿನಂಗಿರೋ ಟೊಮೇಟೊ!" ಬೀದಿಯಲ್ಲಿ ಆಟೋ ಬಂದಿತ್ತು. ಬೆಂಗಳೂರಿನ ಸುಳ್ಳು ಎಲ್ಲಿ ಬಯಲಾಗುತ್ತೋ ಎಂದು ಮುರಳಿ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದ.

ಬೀದಿಯಲ್ಲಿ ಕೆಮ್ಮು ಕೇಳಿಸಿತು.

ಒಂದು ಕ್ಷಣ ಬಿಟ್ಟು ಫೋನಿನೊಳಗೂ ಅದೇ ಕೆಮ್ಮು ಕೇಳಿಸಿತು.

ಮುರಳಿ ಫೋನು ನೋಡಿದ. ಗಾಜಿನ ಕಟ್ಟಡದ ನಡುವೆ ಚೈತನ್ಯ ಅವರ ಮುಖ ಬಿಳಿಚಿತ್ತು. ಮುರಳಿ ಮೆಲ್ಲಗೆ ಕಿಟಕಿ ತೆರೆದ. ಎದುರು ಮನೆಯ ಮಹಡಿಯ ಕಿಟಕಿಯೂ ಮೆಲ್ಲಗೆ ತೆರೆಯಿತು. ಅಲ್ಲಿ ಮೇಲೆ ಟೈ, ಕೆಳಗೆ ಚೌಕಳಿ ಲುಂಗಿ, ಕೈಯಲ್ಲಿ ನೂಡಲ್ಸಿನ ಬಟ್ಟಲು.

"ನೀವು ಬೆಂಗಳೂರು ಅಂದ್ರಲ್ಲ?" ಎಂದರು ಚೈತನ್ಯ.

"ನೀವೂ ಅಂದ್ರಲ್ಲ ಸಾರ್?"

ಕೆಳಗೆ ಟೊಮೇಟೊ ಆರಿಸುತ್ತಿದ್ದ ವರಲಕ್ಷ್ಮಮ್ಮ ತಲೆಯೆತ್ತಿದರು. "ಇವನೇ ಕಣಪ್ಪ ಮುರಳಿ, ಬೆಳಿಗ್ಗೆ ಹೇಳಿದ್ನಲ್ಲ, ಕೆಲಸ ಇಲ್ಲದ ಹುಡುಗ! ಫ್ಯಾಕ್ಟರೀಲಿ ಕೇಳಿದ್ಯಾ?"

"ಆಂಟಿ, ನಾನು ಕೆರಿಯರ್ ಕೋಚು!"

"ಗೊತ್ತಪ್ಪ, ನಿಂದೂ ಒಂದು ಕ್ಯಾರಿಯರ್ ಬರೆಸಿದೀನಿ."

ಅಷ್ಟರಲ್ಲಿ ನೋಟ್‌ಬುಕ್ಕು ಹಿಡಿದ ಮಾಲಾ ಜಗಲಿಯಿಂದ ಇಳಿದು ಬೀದಿಯ ನಡುವೆ ಬಂದು ನಿಂತಿದ್ದಳು. "ಕೋಚು ಅಂದ್ರೆ ಏನು ಹೇಳ್ಕೊಡ್ತೀರಿ ಸಾರ್?"

"ಕೆಲಸದಲ್ಲಿ ಮುಂದೆ ಬರೋದು ಹೇಗೆ ಅಂತ ಮೇಡಂ."

"ನನಗೆ ಹೇಳ್ಕೊಡಿ. ಮೂರು ಹೊತ್ತೂ ಊಟ ನಮ್ಮದು."

ಚೈತನ್ಯ ನೂಡಲ್ಸಿನ ಬಟ್ಟಲನ್ನು ನೋಡಿದರು. ಜಗಲಿಯನ್ನು ನೋಡಿದರು. ಹುಳಿಯ ಒಗ್ಗರಣೆಯ ವಾಸನೆ ಮಹಡಿಯವರೆಗೂ ಏರಿ ಬರುತ್ತಿತ್ತು. ಅವರು ಅಲ್ಲೇ ಟೈ ಸರಿಮಾಡಿಕೊಂಡರು. "ಒಪ್ಪಿದೆ ಮೇಡಂ! ನಿಮ್ಮೊಳಗಿನ ಲೀಡರ್ ಆಗಲೇ ಎದ್ದು ಓಡಾಡ್ತಿದಾರೆ!"

"ಸಾರ್, ನಾನು?" ಎಂದ ಮುರಳಿ ಕಿಟಕಿಯಿಂದ.

"ಸಾರಿ ಮುರಳಿಮೋಹನ್, ಈ ತಿಂಗಳು ಇದ್ದಿದ್ದು ಒಂದೇ ಸೀಟು. ಮೇಡಂ, ಮೊದಲನೇ ಪಾಠ ಈಗಲೇ ಬರ್ಕೊಳ್ಳಿ. ಲೀಡರ್ ಆದವರು ಎಲ್ಲಾ ಕೆಲಸ ತಾವೇ ಮಾಡಬಾರ್ದು. ಅಡುಗೆ ನಿಮ್ಮದು. ಹೊತ್ಕೊಂಡು ಹೋಗೋ ಕೆಲಸ, ದಿನಾ ಹೇಗೂ ಅದೇ ದಾರೀಲಿ ಹೋಗೋ, ನಂಬಿಕಸ್ಥ ಮನುಷ್ಯ ಒಬ್ಬರಿಗೆ ಕೊಡಿ."

ಮಾಲಾ ಬರೆದುಕೊಂಡಳು. ಬರೆದು, ಪೆನ್ನಿನ ತುದಿ ಕಚ್ಚಿ, ಕಣ್ಣು ಮಿಂಚಿಸುತ್ತ ಕಿಟಕಿಯ ಕಡೆ ನೋಡಿದಳು. ಕದಿರಮ್ಮ ನೋಡಿದರು. ವರಲಕ್ಷ್ಮಮ್ಮ ನೋಡಿದರು. ಟೊಮೇಟೊದವನೂ ನೋಡಿದ.

"ರೀ, ಸೋಮವಾರದಿಂದ ತಗೊಂಡ್ಹೋಗ್ತೀರ ತಾನೇ?"

ಆಟೋ ಕೆಮ್ಮಿತು.

"ಹೂಂ," ಎಂದ ಮುರಳಿಮೋಹನ್.