ಎರಡನೇ ವಾರ್ಡು ಬೇಗ ಖಾಲಿಯಾಗುವ ಕಾರಣ

ಎರಡನೇ ವಾರ್ಡಿನ ರೋಗಿಗಳು ಉಳಿದವರಿಗಿಂತ ಬೇಗ ಮನೆಗೆ ಹೋಗುತ್ತಿದ್ದರು. ಔಷಧಿ ಅದೇ, ಡಾಕ್ಟರುಗಳೂ ಅವರೇ. ಕಾರಣ ಹುಡುಕಿ ಮಧ್ಯಾಹ್ನದ ಮೀಟಿಂಗಿನಲ್ಲಿ ಹೇಳಬೇಕೆಂದು ಆಸ್ಪತ್ರೆಯ ದೊಡ್ಡ ಡಾಕ್ಟರು ಅಂಕಿ-ಅಂಶದ ಗುಮಾಸ್ತನಿಗೆ ಬೆಳಿಗ್ಗೆಯೇ ಅಪ್ಪಣೆ ಮಾಡಿದರು. ಆಕಳಿಕೆಗೂ ಶೇಕಡಾವಾರು ಲೆಕ್ಕ ಹೇಳುವವನಾದ್ದರಿಂದ ಅವನನ್ನು ಎಲ್ಲರೂ ಶೇಕಡ ಎಂದೇ ಕರೆಯುತ್ತಿದ್ದರು. ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಸುದ್ದಿ ಹರಡಿದ್ದೇ ತಡ, ಹೆಡ್ ನರ್ಸ್ ಬಂದಳು. "ನೋಡಪ್ಪ, ಅಲ್ಲಿ ಡ್ಯೂಟಿ ನಂದು. ಕಾರಣ ಹೇಳೋವಾಗ ನನ್ನ ಮರೀಬೇಡ."

ಅವಳ ಬೆನ್ನಿಗೇ ಅಡುಗೆಮನೆಯ ಮೇಲ್ವಿಚಾರಕ. "ಆ ವಾರ್ಡು ಅಡುಗೆಮನೆ ಪಕ್ಕಕ್ಕೇ ಇದೆ. ಸೂಪು ಬಿಸಿಯಾಗೇ ಹೋಗತ್ತೆ. ಮಿಕ್ಕಿದ್ದು ನೀನೇ ಅರ್ಥ ಮಾಡ್ಕೋ."

ಶೇಕಡ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿದ. ನರ್ಸೂ ಕಾಕತಾಳೀಯ, ಸೂಪೂ ಕಾಕತಾಳೀಯ. ವಯಸ್ಸು, ಕಿಟಕಿ, ಗಾಳಿ ಯಾವುದೂ ನಿಲ್ಲಲಿಲ್ಲ. ಒಂದು ಅಂಶ ಮಾತ್ರ ಜಿಗಣೆಯ ಹಾಗೆ ಕಚ್ಚಿಕೊಂಡು ಕೂತಿತ್ತು: ರೋಗಿಗಳಿಗೆ ಸಮಾಧಾನ ಹೇಳಲು ಆ ವಾರ್ಡಿಗೆ ಮಾತ್ರ ಆಗಾಗ ಬರುತ್ತಿದ್ದ ಒಬ್ಬ ಹಿರಿಯ ಹೆಂಗಸು. ಆಕೆ ಬಂದ ಮರುದಿನ ಹಾಸಿಗೆಗಳು ಖಾಲಿ. ಬಾರದಿದ್ದರೆ ಯಾರೂ ಕದಲುತ್ತಿರಲಿಲ್ಲ. ಆಕೆ ದೊಡ್ಡ ಡಾಕ್ಟರ ಅತ್ತೆ.

ಶೇಕಡ ಖಚಿತ ಮಾಡಿಕೊಳ್ಳಲು ವಾರ್ಡಿಗೆ ಓಡಿದ. ಅಲ್ಲೊಬ್ಬ ಮುದುಕ ಕುಂಟುತ್ತಲೇ ಚೀಲ ತುಂಬುತ್ತಿದ್ದ.

"ನೋವು ಹೋಯ್ತಾ ಅಜ್ಜ?"

"ಎಲ್ಲಿ ಹೋಗತ್ತೆ ಮಗಾ. ಆಯಮ್ಮ ನಿನ್ನೆ ತನ್ನ ಮೊದಲ್ನೇ ಆಪರೇಷನ್ ಕತೆ ಹೇಳಿದ್ರು. ಇನ್ನೂ ಮೂರು ಆಪರೇಷನ್ ಕತೆ ಬಾಕಿ ಇದೆಯಂತೆ. ಡಾಕ್ಟರ್ ಕೇಳಿದ್ರೆ ಆರಾಮಾಗಿದೀನಿ ಅಂದ್ಬಿಟ್ಟೆ."

ಮೀಟಿಂಗಿನಲ್ಲಿ ಶೇಕಡ ಎದ್ದು ನಿಂತ. "ಕಾರಣ... ತಮ್ಮ ಅತ್ತೆಯವರು ಸಾರ್."

ನರ್ಸೂ ಮೇಲ್ವಿಚಾರಕನೂ ಸೂರು ನೋಡತೊಡಗಿದರು.

"ಕಾಕತಾಳೀಯ ಇರಬಹುದಲ್ವಾ?" ಡಾಕ್ಟರು ಕೇಳಿದರು.

"ಇಲ್ಲ ಸಾರ್. ಯಾಕೆ ಅಂದ್ರೆ..."

"ಯಾಕೆ ಅನ್ನೋದು ಬೇಡಪ್ಪ. ಮದುವೆಯಾದಾಗಿಂದ ಒಂದೇ ಮನೇಲಿದೀವಿ." ಡಾಕ್ಟರ ಮುಖ ಮಾತ್ರ ಯಾಕೋ ಅರಳುತ್ತಾ ಬಂತು. "ಇಂಥೋರನ್ನ ಮನೇಲಿ ಇಟ್ಕೊಳ್ಳೋದು ತಪ್ಪು. ನಾಳೆಯಿಂದ ಬೆಳಿಗ್ಗೆಯಿಂದ ಸಂಜೆವರೆಗೂ ಇಲ್ಲೇ ಇರಲಿ, ಎಲ್ಲಾ ವಾರ್ಡಿಗೂ. ನಿನ್ನ ಕೆಲಸಾನೂ ಕಾಯಂ."

ಶೇಕಡ ಆ ರಾತ್ರಿ ನೆಮ್ಮದಿಯಾಗಿ ಮಲಗಿದ.

ಮರುದಿನ ಅವನ ಪುಟ್ಟ ಕೋಣೆಯಲ್ಲಿ ಇನ್ನೊಂದು ಕುರ್ಚಿ ಇತ್ತು. ಅತ್ತೆಯವರು ಬಾಗಿಲು ಮುಂದೆ ಮಾಡಿ, ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು.

"ನನ್ನ ಬೆಲೆ ಕಂಡುಹಿಡಿದೋನು ನೀನೊಬ್ಬನೇ ಕಣಪ್ಪ. ವಾರ್ಡುಗಳಿಗೆ ಹೋಗಿದ್ದೆ, ಒಬ್ರೂ ಇಲ್ಲ. ನಾನು ಬರ್ತೀನಿ ಅಂತ ಗೊತ್ತಾಗಿ ಎಲ್ರೂ ಹುಷಾರಾಗಿಬಿಟ್ರಂತೆ. ಸದ್ಯ, ನೀನಾದ್ರೂ ಎಲ್ಲೂ ಹೋಗಲ್ವಲ್ಲ."